ಹಿಂದು ಮುಂದಿಲ್ಲದ ಅಚ್ಚು

ಎವ್ರಾರನ ಕೊಟ್ಟಿಗೆಯಲ್ಲಿ ಜೀಪು ಸಿಕ್ಕಾಗ
ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು.
ಮುಂದಿನ ಚಕ್ರಗಳಿಗೆ ಟ್ರ್ಯಾಕ್ಟರಿನ ಟೈರು,
ಹಿಂದೆ ಎಡಕ್ಕೆ ಹಾಲಿನ ವ್ಯಾನಿನದು,
ಬಲಕ್ಕೆ ಯಾವುದೋ, ಹೆಸರು ಸವೆದದ್ದು.
ಐದನೆಯದರೊಳಗೆ ಮಳೆನೀರು, ಸೊಳ್ಳೆಮರಿ.
'ಯುದ್ಧ ಮುಗಿಸಿದ ಗಾಡಿ. ಆಮೇಲೆ ಮೂವತ್ತು ವರ್ಷ
ಆಲೂಗಡ್ಡೆ ಹೊತ್ತಿದೆ' ಎಂದ ಎವ್ರಾರ್,
ಯಾವುದು ದೊಡ್ಡ ಸೇವೆ ಎಂದು ಹೇಳದೆ.

ಕೋಳಿಯನ್ನು ಅವನೇ ಇಟ್ಟುಕೊಂಡ.

ಊಫಲೀಜಿನ ಗಾಸ್ಪಾರ್ ಟೈರನ್ನು ಬರೀ ನೋಡುವವನಲ್ಲ,
ಉಗುರಲ್ಲಿ ಗೀರುತ್ತಾನೆ, ಮೂಸುತ್ತಾನೆ.
ಪಕ್ಕೆಯ ಸೀಳಿಗೆ ನಾಣ್ಯ ತೂರಿಸಿ
'ಇದರೊಳಗೆ ಗಾಳಿ ನಿಂತಿರುವುದು
ಅಭ್ಯಾಸಬಲದಿಂದ' ಎಂದ.
ರಿಮ್ಮು ಎರಡು ಹೋಳು, ನಟ್ಟು ಬಿಗಿದು ಕೂಡಿಸಿದ್ದು.
'ಗಾಳಿ ಪೂರ್ತಿ ಇಳಿಸದೆ ಈ ನಟ್ಟು ಮುಟ್ಟಬೇಡ.
ನಮ್ಮ ಮಾವ ಮುಟ್ಟಿದ್ದ' ಎಂದು
ಎಡಗೈ ತೋರಿಸಿದ. ಅವನದಲ್ಲ,
ಗೋಡೆಯ ಫೋಟೋದಲ್ಲಿದ್ದದ್ದು.

ಆರು ಅಂಗುಲ ಅಗಲ, ಹದಿನಾರರ ರಿಮ್ಮು.
ಅಳತೆ ಒಂದೇ, ಬಾಳುವೆ ಬೇರೆ.
ರೇಡಿಯಲ್ ಹಾಕಿದರೆ ಒದ್ದೆ ಡಾಂಬರಿನ ಮೇಲೂ
ತಿರುವುಗಳು ಮರ್ಯಾದೆ ಕೊಡುತ್ತವೆ;
ನೋಟಕ್ಕೆ ಮಾತ್ರ ಮುದಿ ಸಿಪಾಯಿಗೆ ಓಟದ ಬೂಟು.
ಕೆಸರಿನ ಟೈರು ಕಾಡುದಾರಿಯನ್ನು ಅಗೆದೇ ಹತ್ತುತ್ತದೆ,
ರಸ್ತೆಗಿಳಿದರೆ ಹಲ್ಲು ಕಡಿಯುತ್ತದೆ.
ಮೂರನೆಯದು ಸೈನ್ಯದ ಹಳೇ ಮಾದರಿ, ಈಗಲೂ ಮಾಡುತ್ತಾರಂತೆ:
ನಡುವೆ ಗೆರೆ, ಎರಡೂ ಬದಿಗೆ ಗಟ್ಟಿ ಗಟ್ಟಿ ದಿಂಡು,
ಮುಂದೆ ಹೋದರೂ ಹಿಂದೆ ಸರಿದರೂ
ನೆಲದ ಮೇಲೆ ಒಂದೇ ಬರಹ.
'ಶತ್ರುವಿಗೆ ದಿಕ್ಕು ತಿಳಿಯಬಾರದು ಅಂತ' ಎಂದ ಗಾಸ್ಪಾರ್.
'ಮಳೆಯಲ್ಲಿ ಬ್ರೇಕು ಒತ್ತಿದರೆ ನಿನಗೂ ತಿಳಿಯದು.'

ಮೂರು ಚಿತ್ರ ಮಡಿಚಿ ತಂದೆ.
ಅಜ್ಜಿ ಲಿಯೊಂಟೀನ್ ಬೀನ್ಸಿನ ನಾರು ತೆಗೆಯುತ್ತಿದ್ದಳು.
ಮೂರನೆಯದರ ಮೇಲೆ ಬೆರಳು ನಿಂತಿತು.

'ಇದನ್ನು ಹಿಮದಲ್ಲಿ ನೋಡಿದ್ದೇನೆ.
ಆ ಡಿಸೆಂಬರಿನಲ್ಲಿ. ನನಗೆ ಎಂಟು.
ನೆಲಮಾಳಿಗೆಯ ಕಿಂಡಿಯಿಂದ ಅಪ್ಪ ಇಣುಕಿದ:
ಬಾಗಿಲ ಮುಂದೆ ಎರಡು ಸಾಲು ಅಚ್ಚು.
ಬಂದವರದೋ, ಹೋದವರದೋ?
ಅಮೆರಿಕದವರು ಬಂದಿದ್ದರೆ ನಾವು ಹೊರಗೆ ಬರಬಹುದು,
ಹೋಗಿದ್ದರೆ ಕೆಮ್ಮಲೂ ಬಾರದು.
ಎರಡು ದಿನ ಅಪ್ಪ ಆ ಅಚ್ಚನ್ನೇ ಓದಿದ,
ಶಾಲೆಯ ಮೇಷ್ಟ್ರು, ಲ್ಯಾಟಿನ್ ಬರುತ್ತಿತ್ತು.
ಹಸಿ ಆಲೂಗಡ್ಡೆ ತಿಂದೆವು.
ಮೂರನೆಯ ಬೆಳಗ್ಗೆ ಹೊಸ ಹಿಮ ಬಿದ್ದು ಎಲ್ಲ ಅಳಿಸಿತು.
ಹಸು ಕರೆಯಬೇಕು ಎಂದು ಅಮ್ಮ ಬಾಗಿಲು ತೆಗೆದಳು.'

'ಬಂದಿದ್ದರಾ, ಹೋಗಿದ್ದರಾ?'

'ಹಸು ಇರಲಿಲ್ಲ.'

ಹಾಗಾದರೆ ಇದು ಬೇಡ ಎಂದೆ. ಬಾಣದ ಅಚ್ಚಿನದು ಹಾಕಿಸುತ್ತೇನೆ,
ಎತ್ತ ಹೋದರೂ ಡಂಗುರ ಸಾರುತ್ತ ಹೋಗುವಂಥದ್ದು.
'ದುಡ್ಡು ನಿನ್ನದು' ಎಂದಳು.
ರಾತ್ರಿ ದೀಪ ಆರಿಸಿದ ಮೇಲೆ ಗೋಡೆಯಾಚೆಯಿಂದ:
'ಟೈರಿನದೇನು ತಪ್ಪು? ಸುಳ್ಳಂತೂ ಹೇಳಲಿಲ್ಲ.'

ಹಿಂದುಮುಂದು ನೋಡುತ್ತಲೇ ತಿಂಗಳು ಕಳೆಯಿತು,
ಜೀಪು ಮರದ ದಿಮ್ಮಿಗಳ ಮೇಲೆ ಕಾಲಿಲ್ಲದೆ ನಿಂತಿತ್ತು.
ಕೊನೆಗೆ ಹಿಂದು ಮುಂದಿಲ್ಲದ್ದನ್ನೇ ತರಿಸಿದೆ, ನಾಲ್ಕು.
ಐದನೆಯದು, ಬೆನ್ನಿಗೆ ನೇತುಬೀಳುವುದು, ಬಾಣದ್ದು.
'ಸ್ಟೆಪ್ನಿ ಬೇರೆ ಜಾತಿಯದಾ?' ಗಾಸ್ಪಾರ್ ಹುಬ್ಬು ಗಂಟಿಕ್ಕಿದ.
ಪಂಕ್ಚರಾದ ದಿನ ನೋಡೋಣ ಎಂದೆ.

ಈಗ ಅಂಗಳದ ಗೋಡೆಗೆ ಒರಗಿವೆ, ಹೊಸ ರಬ್ಬರಿನ ಘಾಟು,
ಮೈತುಂಬ ಕಾರ್ಖಾನೆಯ ಸಣ್ಣ ಕೂದಲು.
ಅಜ್ಜಿ ಒಂದನ್ನು ಮೊಣಕಾಲ ನಡುವೆ ಹಿಡಿದು
ಒಂದೊಂದೇ ಕೀಳುತ್ತಿದ್ದಾಳೆ, ಕೋಳಿಯ ಪುಕ್ಕ ಕಿತ್ತಂತೆ.
ಬಿಡು, ರಸ್ತೆಯೇ ಉಜ್ಜಿ ತೆಗೆಯುತ್ತದೆ ಎಂದರೆ ಕೇಳುವುದಿಲ್ಲ.
ಅಷ್ಟು ಉರುಳಿಸಿ, ಇಷ್ಟು ತಿರುಗಿಸಿ,
ಎಲ್ಲಿಂದ ಶುರುಮಾಡಿದ್ದೆ ಎಂದು ಹುಡುಕುತ್ತಾಳೆ.