ಇತರೆ

ಬೈತಖೋಲದ ಹೊರಗೆ ಡಾಂಬರಿನ ಹಡಗು
ಲಂಗರು ಹಾಕಿ ಮೂರು ದಿನ.
ಅದರ ಕಾಗದ ಮಾತ್ರ ಬಂದರು ಕಚೇರಿಯಿಂದ ಹೊರಡಲೊಲ್ಲದು;
ಪರದೆಯ ಮೇಲೆ ಚಕ್ರ ತಿರುಗುತ್ತದೆ, ತಿರುಗುತ್ತದೆ,
ಏಜೆಂಟ್ ಪೆಡ್ನೇಕರ ಮೇಜು ಕುಟ್ಟುತ್ತಾನೆ.
ಎಲ್ಲರ ಕಣ್ಣೂ ಬಾಗಿಲ ಸ್ಟೂಲಿನ ಮೇಲೆ:
ಜವಾನ ದೇವಿದಾಸ ಹರಿಕಂತ್ರ,
ಅಂಗೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಕೇರಂ ಆಟ.
"ನಾನಲ್ಲ ಅಕ್ಕೋರೆ," ಅಂದ.
ನೋಟೀಸು ಟೈಪಾಗುತ್ತಿತ್ತು.

ನಾನು ಗುತ್ತಿಗೆಯವಳು. ಮೆಟ್ಟಿಲ ಕೆಳಗಿನ ಗೂಡು ನನ್ನದು:
ಒಂದು ರೌಟರು, ಇಪ್ಪತ್ನಾಲ್ಕು ಕಿಂಡಿಯ ಸ್ವಿಚ್ಚು,
ಉಪ್ಪುಗಾಳಿ ತಿಂದ ತಿರುಪು, ಹಸಿರು ದೀಪಗಳ ಮಿಣಮಿಣ.
ಕಿಂಡಿಗೊಂದು, ಯಂತ್ರಕ್ಕೊಂದು ಎಣಿಕೆ ಕೂರಿಸಿದೆ.
ಎಷ್ಟು ಬಂತು, ಎಷ್ಟು ಹೋಯಿತು, ಯಾವ ಹೊತ್ತಿಗೆ.
ಏನು ಬಂತು, ಅದು ನನಗೆ ಕಾಣದು. ಕಾಣಬೇಕಿಲ್ಲ.

ಅಪ್ಪ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಇಪ್ಪತ್ತೆರಡು ವರ್ಷ ಹೀಗೇ ಕೂತ:
ಗಾಡಿಯ ನಂಬರು, ಗಂಟೆ, ತೂಕ.
ಬಾಟಲಿ ಹುಡುಕುವವರು ಬೇರೆ; ಅಪ್ಪನದು ಬರೀ ಪುಸ್ತಕ.
"ಟಾರ್ಪಾಲು ಎತ್ತದೆಯೂ ಗೊತ್ತಾಗ್ತದೆ ಮಗಾ,
ಏರಿನಲ್ಲಿ ಎಂಜಿನ್ನು ಅಳೋದು ಕೇಳಿದ್ರೆ ಸಾಕು."

ನಾಲ್ಕು ದಿನದ ಲೆಕ್ಕ.
ದೇವಿದಾಸನ ಕೇರಂ: ಒಂದು ಚಮಚ.
ಲೆಕ್ಕಪತ್ರ ಶಾಖೆ ಹನ್ನೊಂದಕ್ಕೆ ಏಳುತ್ತದೆ,
ಊಟಕ್ಕೆ ಮಲಗಿದ್ದು ನಾಲ್ಕಕ್ಕೆ ಆಕಳಿಸುತ್ತದೆ.
ಹತ್ತೊಂಬತ್ತನೆಯ ಕಿಂಡಿ ಮಾತ್ರ
ಹಗಲೆನ್ನದೆ ಇರುಳೆನ್ನದೆ ಕುಡಿಯುತ್ತಲೇ ಇದೆ,
ಇಳಿತವೇ ಇಲ್ಲದ ಭರತದ ಹಾಗೆ.
ಚೀಟಿಯ ಶಾಯಿ ಅಳಿಸಿದೆ. ತಂತಿಯ ಬಾಲ ಹಿಡಿದು ಹೊರಟೆ
ಗೋಡೆ, ಅಟ್ಟ, ಇಲಿಯ ಹಿಕ್ಕೆ, ಹಳೆಯ ಕಡತ ದಾಟಿ.
ಬೀಗ ಹಾಕಿದ ಬಾಗಿಲು.
ಮಾರ್ಚಿನಲ್ಲಿ ವರ್ಗವಾಗಿ ಹೋದ ಸಾಹೇಬರ ಕೋಣೆ.
ಒಳಗೆ ಗೋಡೆಯಗಲದ ಟಿವಿ, ಒಂದಾದ ಮೇಲೊಂದು
ಅಡುಗೆ ಕಲಿಸುತ್ತಿತ್ತು ಖಾಲಿ ಕುರ್ಚಿಗೆ.
ಟವೆಲ್ಲು ಇನ್ನೂ ಕುರ್ಚಿಯ ಬೆನ್ನಿಗಿತ್ತು.

ಪ್ಲಗ್ಗು ಕಿತ್ತೆ. ಹಡಗಿನ ಕಾಗದ ಹೋಯಿತು.
ನೋಟೀಸು ಟೈಪು ಮಾಡಿದ ಕೈಯೇ ಅದನ್ನು ಹರಿದು ಬುಟ್ಟಿಗೆ ಹಾಕಿತು.
ದೇವಿದಾಸನಿಗೆ ಯಾರೂ ಏನೂ ಅನ್ನಲಿಲ್ಲ,
ತಪ್ಪಾಯಿತು ಎಂದೂ.

ಇಲ್ಲಿಗೆ ಮುಗಿಯಬೇಕಿತ್ತು.
ಎಣಿಸಲು ಕೂತ ಮೇಲೆ ಬೇಡದ್ದೂ ಎಣಿಕೆಗೆ ಬರುತ್ತದೆ.

ಇನ್ನೊಂದಿದೆ. ಹೆಸರಿಲ್ಲ, ಬಾಲದ ನಾಲ್ಕಕ್ಷರ ಮಾತ್ರ.
ರಾತ್ರಿ ಎರಡೂ ನಲವತ್ತಕ್ಕೆ ಏಳುತ್ತದೆ, ಇಪ್ಪತ್ತು ನಿಮಿಷ.
ಬರುವ ಗೆರೆ, ಹೋಗುವ ಗೆರೆ ಸಮಸಮ,
ಜೋಡು ಹುಟ್ಟಿನ ಹಾಗೆ.
ಸಿನಿಮಾ ಆದರೆ ಬರುವುದೇ ಹೆಚ್ಚು. ಇದು ಮಾತು.
ಯಾವುದೋ ಕಡಲಿನಲ್ಲಿ ಆ ಹೊತ್ತಿಗೆ ಯಾರದೋ ಪಾಳಿ ಬಿಡುತ್ತದೆ.
ಮಂಗಳವಾರ, ಬರುವ ಗೆರೆ ನೆಲ ಹಿಡಿದಿತ್ತು.
ಹೋಗುವುದು ಮಾತ್ರ ಪುಟ್ಟ ಪುಟ್ಟ ಮೊಳೆ,
ನಿಮಿಷಕ್ಕೊಂದು. ಹದಿನೇಳು ಸಲ.
ಬುಧವಾರವೂ.

ರಾತ್ರಿ ಪಾಳಿಗೆ ಇರುವವರು ಇಬ್ಬರು.
ಯಾರೆಂದು ಕೂಡಿಸಿ ಕಳೆದು ನೋಡಲು ಅರೆಗಳಿಗೆ ಸಾಕು.
ನೋಡಲಿಲ್ಲ.
ಬೆಳಿಗ್ಗೆ ಚಹಾದ ಹೊತ್ತು ಬಿಸ್ಕೀಟಿನ ಪೊಟ್ಟಣ ಮುಂದೆ ಮಾಡಿದೆ;
ಇಬ್ಬರೂ ಒಂದೊಂದು ತೆಗೆದುಕೊಂಡರು.

ಹೊಸ ಸಾಹೇಬರು ಪಟ್ಟಿ ಕೇಳಿದ್ದಾರೆ: ಯಾವ ಯಂತ್ರ, ಯಾರದು, ಎಷ್ಟು.
ಹೆಣದ ಗಾಡಿ ಬಂದರೆ ಅಪ್ಪ ನಂಬರು ಬರೆಯುತ್ತಿದ್ದ, ಗಂಟೆ ಬರೆಯುತ್ತಿದ್ದ,
ತೂಕದ ಜಾಗದಲ್ಲಿ ಒಂದು ಗೀಟು ಎಳೆದು ಗೇಟು ಎತ್ತುತ್ತಿದ್ದ.
ನಾನೂ ಕೊನೆಯ ಸಾಲಿನಲ್ಲಿ ಇತರೆ ಎಂದು ಬರೆದು
ಸಹಿ ಹಾಕಿ ಕೊಟ್ಟು ಬಂದೆ.

ಗುರುವಾರದ ರಾತ್ರಿ. ಎರಡೂ ಮೂವತ್ತೆಂಟು.
ಮನೆಯಿಂದಲೇ ತೆರೆದು ಕೂತಿದ್ದೇನೆ,
ನೋಡಬಾರದು ಅಂದುಕೊಂಡ ಗೆರೆಯನ್ನು.