ವಾಯಿದೆ

ಮೂವತ್ತೊಂದು ವರ್ಷ ಶಿವಮೊಗ್ಗದ ಕೋರ್ಟಿನಲ್ಲಿ
ಕೇಸು ಕೂಗಿಸಿದವಳು ನಾನು, ಬೆಂಚ್ ಕ್ಲರ್ಕ್ ಲೋಲಾಕ್ಷಿ.
ಕೆಂಪು ದಾರ ಬಿಚ್ಚುವುದು, ಕಟ್ಟುವುದು,
ಮುಂದಿನ ತಾರೀಕು ಬರೆಯುವುದು.
ನನ್ನ ಕೈಬರಹ ಕೆಟ್ಟಿದ್ದೇ ತಾರೀಕುಗಳಿಂದ.

ಹಾಗಾಗಿ, ತನ್ವೀರ್,
ನೆಹರೂ ರಸ್ತೆಯ ನಿನ್ನ ಮೊಬೈಲ್ ಅಂಗಡಿಯಲ್ಲಿ
'ಮಾರಿಬಿಡಿ ಆಂಟಿ, ಕಂಪನೀನ ಒಡೆದು ಹಾಕ್ತಾರಂತೆ' ಎಂದು
ನೀನು ಸ್ಕ್ರೀನು ತಿರುಗಿಸಿದಾಗ
ನಾನು ಕೇಳಿದ್ದು ಇಷ್ಟೇ:
ಕೇಸು ಯಾವ ಹಂತದಲ್ಲಿದೆ?
ಸಾಕ್ಷಿ ಮುಗಿಯಿತೋ, ತೀರ್ಪಾಗಿ ಅಪೀಲೋ?

ನಿನಗೆ ನಗು.
ನಾನು ಕಂಡಿದ್ದೇನೆ, ಗೋಪಿ ಸರ್ಕಲ್ಲಿನ ಹತ್ತಿರದ
ನಲವತ್ತಡಿ ಸೈಟಿನ ದಾವೆ:
ವಾದಿ ಸತ್ತು ವಾರಸುದಾರರು ಬಂದರು,
ಪ್ರತಿವಾದಿ ಸತ್ತು ಅವನ ವಾರಸುದಾರರು ಬಂದರು,
ವಕೀಲರು ಹಾಸಿಗೆ ಹಿಡಿದು
ಅವರ ಮಗ ಅದೇ ಕರಿಕೋಟು ತೊಟ್ಟು ಬಂದ.
ಅಷ್ಟೂ ವರ್ಷ ಆ ಸೈಟಿನಲ್ಲಿ
ಒಬ್ಬ ಪಂಕ್ಚರ್ ಹಾಕುತ್ತ ಕೂತಿದ್ದ.
ಹಾಕುತ್ತಲೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ.

ಧೈರ್ಯ ಅಂದುಕೊಳ್ಳಬೇಡ.
ನಿವೃತ್ತಿಯ ದುಡ್ಡಿನಲ್ಲಿ ಐದರಲ್ಲೊಂದು ಪಾಲು ಅಲ್ಲಿದೆ.
ರಾತ್ರಿ ಕರೆಂಟು ಹೋದಾಗ
ಕೆಂಪು ಅಂಕಿಯ ಬೆಳಕಿನಲ್ಲೇ ನೀರು ಹುಡುಕಿ ಕುಡಿದಿದ್ದೇನೆ.

ಇನ್ನೊಂದು ಉಂಟು. ಯಾರಿಗೂ ಹೇಳಿದ್ದಲ್ಲ.

ಹೊಸನಗರದಿಂದ ಶಿವಮೊಗ್ಗಕ್ಕೆ
ಆಗ ಒಂದೇ ಕಂಪನಿ, ಜಯಕೇತು ಮೋಟಾರ್ಸ್.
ಪರ್ಮಿಟ್ಟು ಅವರದು, ಪೆಟ್ರೋಲ್ ಬಂಕು ಅವರದು,
ಸ್ಟ್ಯಾಂಡಿನ ಹೋಟೆಲಿನ ಹಳಸಲು ಬನ್ಸೂ ಅವರದೇ.
ಈ ಕೋರ್ಟಿನ ಕೆಲಸಕ್ಕೇ ಸಂದರ್ಶನಕ್ಕೆ ಹೊರಟವಳನ್ನು
ರಿಪ್ಪನ್‌ಪೇಟೆಯಲ್ಲಿ ಇಳಿಸಿ
ಮದುವೆ ದಿಬ್ಬಣ ಹತ್ತಿಸಿಕೊಂಡರು.
ಬೇರೆ ಬಸ್ಸು ಇರಲಿಲ್ಲ.
ಬೇರೆ ಬಸ್ಸಿಲ್ಲದ ಕಡೆ ಕೇಳುವ ಬಾಯೂ ಇರುವುದಿಲ್ಲ.
ಅಕ್ಕಿ ಲಾರಿಯಲ್ಲಿ ಬಂದೆ, ಸೆರಗಿನ ತುಂಬ ತೌಡು.

ಅಂಥದೇ ಒಂದು ಕಂಪನಿಗೆ ಈಗ
ಸಾಸಿವೆಯಷ್ಟು ಒಡತಿ ನಾನು.
ಕಡಲಾಚೆ ಎಲ್ಲೋ ಒಬ್ಬ ಹುಡುಗಿ
ತನ್ನದೊಂದು ಪುಟ್ಟ ಯಂತ್ರಚಾತುರ್ಯ ಕಟ್ಟಿಕೊಂಡು
ರಸ್ತೆಗಿಳಿಯಲು ಜಾಗ ಸಿಗದೆ ನಿಂತಿದ್ದಾಳೆ.
ನನ್ನ ಕಂಪನಿಯೇ ಅವಳನ್ನು ಇಳಿಸಿದ್ದು.
ನ್ಯಾಯ ಅವಳ ಕಡೆಗಿದ್ದರೆ ಡಿಕ್ರಿ ಕೊಡಲಿ,
ಎನ್ನುತ್ತದೆ ಒಂದು ಮನಸ್ಸು.
ಕೊಡಲಿ, ಆದರೆ ನಿಧಾನಕ್ಕೆ ಕೊಡಲಿ,
ಎನ್ನುತ್ತದೆ ಪಿಂಚಣಿಯ ಮನಸ್ಸು.
ಕೊಡಲಿ, ಕೊಡಲಿ ಎಂದು ಎರಡೆರಡು ಸಲ ಅಂದರೆ
ನಾಲಿಗೆಗೆ ಕಬ್ಬಿಣ ತಾಕುತ್ತದೆ.

ಆಮೇಲೆ ಜಯಕೇತುವಿನ ಪರ್ಮಿಟ್ಟು ಒಡೆದರು, ಗೊತ್ತಾ?
ಮೂರು ಬಣ್ಣದ ಬಸ್ಸು ಬಂತು.
ಟಿಕೆಟ್ಟು ಎಂಟಾಣೆ ಇಳಿಯಿತು, ಬನ್ಸು ಬಿಸಿಯಾಯಿತು.
ಮುಳುಗಿದರು ಎಂದು ಊರೆಲ್ಲ ಅಂದುಕೊಂಡ ಯಜಮಾನರು
ಮುಳುಗಲಿಲ್ಲ:
ಮೂರರಲ್ಲೂ ಅವರ ಪಾಲಿತ್ತಂತೆ.
ಇದ್ದಿರಲೂಬಹುದು. ಫೈಲು ನಾನು ನೋಡಿಲ್ಲ.
ಮುಳುಗಿದವರ ಫೈಲುಗಳನ್ನೂ ಕಟ್ಟಿದ್ದೇನೆ,
ಅವಕ್ಕೂ ಅದೇ ಕೆಂಪು ದಾರ.

ಮಾರುವುದಿಲ್ಲ.
ನೋಟ್‌ಬುಕ್ಕಿನಲ್ಲಿ ಆ ಹೆಸರಿನ ಮುಂದೆ
ಒಂದು ತಾರೀಕು ಬರೆದಿದ್ದೇನೆ, ಹತ್ತು ವರ್ಷದಾಚೆಯದು.
ಅಂದು ನಾನು ಗೈರುಹಾಜರಾದರೆ
ನಾಮಿನಿಯ ಕಾಲಮ್ಮಿನಲ್ಲಿ ತಂಗಿಯಿದ್ದಾಳೆ,
ಅವಳಿಗಿನ್ನೂ ನೋಟೀಸು ಜಾರಿಯಾಗಿಲ್ಲ.

ಅದಿರಲಿ,
ಈ ಒಡೆದ ಗಾಜು ಬದಲಿಸಲು ಎಷ್ಟು ಅಂದೆ?
ಎದುರಿನ ಅಂಗಡಿಯವನು
ಐವತ್ತು ಕಡಿಮೆ ಹೇಳಿದ.