ಏಳನೆಯ ಬಾಟಲಿಯ ವರದಿ

ಬಾಟಲಿಗೆ ಹೆಸರಿಲ್ಲ. ಬಿಳಿ ಪಟ್ಟಿಯ ಮೇಲೆ
ಪೆನ್ಸಿಲಿನಲ್ಲಿ ಏಳು ಎಂದಷ್ಟೇ ಬರೆದಿದೆ.
ತಂದವನು ಸೆಲ್ವಿನ್, ಪಂಪ್ ಹೌಸಿನ ಆರೋಗ್ಯಂ ಅವರ ಮಗ.
ಅಪ್ಪ ಕೋಲಾರದಿಂದ ಹಟ್ಟಿಗೆ ಬಂದಾಗ
ಕೈಯಲ್ಲಿ ಒಂದು ಟ್ರಂಕು, ಕೊರಳಲ್ಲಿ ಒಂದು ಶಿಲುಬೆ.
ಮಗನ ಹಿತ್ತಲಲ್ಲಿ ಈಗ ನಾಲ್ಕು ಡ್ರಮ್ಮು, ಒಂದು ಥರ್ಮಾಮೀಟರು.
"ಅಂಕಲ್, ಮೂವತ್ತೊಂದು ವರ್ಷ ಬಂಗಾರ ಪರೀಕ್ಷೆ ಮಾಡಿದವ್ರು ನೀವು.
ಇದನ್ನೂ ಒಂದೀಟು ನೋಡ್ರಿ. ಬ್ರೌನ್ ಏಲ್.
ಅರ್ಧ ಬಾರ್ಲಿ, ಇನ್ನರ್ಧ ನಮ್ಮ ಜ್ವಾಳ."

ಒರೆಗಲ್ಲಿಗೆ ಉಜ್ಜಿ ಕಣ್ಣು ಕಿರಿದು ಮಾಡುವುದು
ಅಂಗಡಿಯವರ ಅಂದಾಜು. ನಾವು ಸುಡುವವರು.
ಕಲ್ಲನ್ನು ಹಿಟ್ಟು ಮಾಡಿ, ಸೀಸ ಬೆರೆಸಿ, ಮೂಸೆಗಿಟ್ಟು,
ಎಲುಬಿನ ಬೂದಿಯ ಬಟ್ಟಲು ಸೀಸವನ್ನೆಲ್ಲ ಕುಡಿದ ಮೇಲೆ
ಸಾಸಿವೆಗಿಂತ ಸಣ್ಣದೊಂದು ಉಳಿಯುತ್ತದಲ್ಲ,
ಅದನ್ನು ಉಸಿರು ಹಿಡಿದು ತೂಗುವವರು.

ಸ್ಟೀಲಿನ ಲೋಟ ಬೇಡವೆಂದೆ. ಬಣ್ಣ ಕಾಣಬೇಕು.
ಮದುವೆಗೆ ಬಂದ ಆರು ಗಾಜಿನ ಲೋಟಗಳಲ್ಲಿ ಉಳಿದೊಂದು ಸಿಕ್ಕಿತು.
ಬಣ್ಣ: ಹುಣಸೆ ನೆನೆಸಿದ ನೀರು.
ಬಲ್ಬಿಗೆ ಹಿಡಿದರೆ ಅಂಚಿಗೆ ಹಳೆ ಬಳೆಯ ಕೆಂಪು.
ನೊರೆ: ಎರಡು ಬೆರಳು, ಎಮ್ಮೆ ಹಾಲಿನ ನೊರೆಯ ಹಟ ಇಲ್ಲ.
ಆರೂವರೆಗೆ ನೆಲದಡಿ ಮದ್ದು ಸಿಡಿಯಿತು,
ಕಿಟಕಿ ಗುಂಯ್ ಎಂದಿತು,
ಬೀರಿನ ಮೇಲೊಂದು ಉಂಗುರ ಎದ್ದು ಅಂಚಿಗೆ ಹೋಗಿ ಸತ್ತಿತು.
ಇದನ್ನು ಬರೆಯಲಿಲ್ಲ. ಇದು ಬೀರಿನ ಗುಣವಲ್ಲ.

ಮುಂದಿನ ಕಲಮು ವಾಸನೆ.
ಇಲ್ಲಿ ನಿಂತೆ.
ಆಮ್ಲದ ಹೊಗೆ, ಅದೂ ಕಂದು ಬಣ್ಣದ್ದೇ,
ಬಂಗಾರದಿಂದ ಬೆಳ್ಳಿಯನ್ನು ಬಿಡಿಸುತ್ತ ಬಿಡಿಸುತ್ತ
ನನ್ನಿಂದ ನನ್ನ ಮೂಗನ್ನೂ ಬಿಡಿಸಿತ್ತು.
ಹಾಲು ಸೀದರೆ ಪಕ್ಕದ ಕ್ವಾರ್ಟರ್ಸಿನವರು ಕೂಗಬೇಕು.
ಸೆಲ್ವಿನ್‌ಗೆ ಇದು ಗೊತ್ತಿಲ್ಲ.

ಹಂಪಮ್ಮ ಬಂದಳು, ಬೆರಳ ತುಂಬ ಹಿಟ್ಟು.
"ನಾ ಕುಡಿಯೂದಿಲ್ಲ."
"ಕುಡೀಬ್ಯಾಡ. ಮೂಸಿ ಹೇಳು."
ಸೆರಗು ಬಾಯಿಗೊತ್ತಿ, ಮೂಗಷ್ಟೇ ಹೊರಗೆ ಬಿಟ್ಟು ಬಗ್ಗಿದಳು.
"ಬೆಲ್ಲದ ಪಾಕ ತಳ ಹಿಡದೈತಿ.
ಶೇಂಗಾ ಹುರಿಯೋಮುಂದ ಒಂದು ಗಳಿಗಿ ಹೆಚ್ಚಾದ್ರ ಬರ್ತೈತಲ್ಲ, ಅದು.
ಆಮ್ಯಾಲ ಹಗೇವು. ನಮ್ಮ ತವರಾಗ ಹಗೇವಿನ ಬಾಯಿ ತಗದ್ರ
ಒಳಗಿಂದ ಬಿಸಿ ಏಳ್ತಿತ್ತು. ತಾಸೊತ್ತು ಯಾರನ್ನೂ ಇಳಸ್ತಿದ್ದಿಲ್ಲ."
ಮತ್ತೆ ಬಗ್ಗಿದಳು, ಈ ಸಲ ನಾನು ಕೇಳದೆ.
"ಕಡೀಕ ನಿಮ್ಮ ಅಂಗಿ."
"ಯಾವ ಅಂಗಿ?"
"ಲಗ್ನಾದ ಹೊಸದಾಗಿ ಕುಲುಮಿ ಮುಂದಿಂದ ಬರ್ತಿದ್ರಲ್ಲ.
ಒಗಿಯೂಕಿಂತ ಮದ್ಲ..."
ಅಷ್ಟಕ್ಕೇ ಒಳಗೆ ಹೋದಳು. ಹಂಚಿನ ಮೇಲೆ ರೊಟ್ಟಿ ಇತ್ತಂತೆ.

ಹೇಳಿದ್ದನ್ನು ಹೇಳಿದ ಹಾಗೆ ಬರೆದೆ, ಅಂಗಿಯೊಂದನ್ನು ಬಿಟ್ಟು.
ಆಮೇಲೆ ಸಣ್ಣಕ್ಷರದಲ್ಲಿ ಅದನ್ನೂ.

ರುಚಿ ನನ್ನ ಪಾಲು.
ಮೊದಲು ಸಿಹಿ, ಅವಸರವಿಲ್ಲದ್ದು.
ನಡುವೆ ಜೋಳದ ಮಂದ, ಅಂಬಲಿಯ ದೂರದ ಬಳಗ.
ಕಹಿ ಬೇವಿನದಲ್ಲ, ಮೆಂತ್ಯದ್ದು; ತಡವಾಗಿ ಬಂದು ಮುಂದೆಯೇ ಕೂರುತ್ತದೆ.
ನುಂಗಿದ ಮೇಲೆ ನಾಲಿಗೆಯ ಎರಡೂ ಅಂಚಿಗೆ ಏನೋ.
ಇನ್ನೊಂದು ಗುಟುಕು. ಇದನ್ನು ನಾನು ಬಲ್ಲೆ.
"ಇದರಾಗ ಕಬ್ಬಿಣ ಐತಿ."
"ಇಲ್ರೀ ಅಂಕಲ್, ಎಲ್ಲಾ ಸ್ಟೀಲು."
"ಐತಿ."
ಅವನು ಚಪ್ಪಲಿಯಿಂದ ನೆಲ ಕೆರೆದ.
"ಒಂದು ಮೊಳ ಪೈಪು... ಅಪ್ಪಂದು.
ಪಂಪ್ ಹೌಸಿಂದ ಕಡೇ ದಿನ ತಂದಿದ್ದು."
ತೆಗೆ ಎನ್ನಬೇಕಾದವನು ನಾನು. ಎಂದೆ.
ತಲೆಯಾಡಿಸಿದ. ತೆಗೆಯುತ್ತಾನೋ ಇಲ್ಲವೋ.

ವರದಿಗೆ ಅಂಕಿ ಬೇಕಲ್ಲ, ಹತ್ತಕ್ಕೆ ಆರೂವರೆ ಬರೆದೆ.
ಹುಡುಗನ ಮುಖ ಸಣ್ಣದಾಯಿತು.
"ಟನ್ನು ಕಲ್ಲಿಗೆ ಮೂರು ಗ್ರಾಂ ಸಿಕ್ರ
ಛಲೋ ಅದಿರು ಅಂತಿದ್ವಿ" ಎಂದೆ,
ಊರಾಚೆಯ ಹುಡಿಯ ಗುಡ್ಡದ ಕಡೆ ಕೈ ಮಾಡಿ.
ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಅವನು ಹೋದ ಮೇಲೆ ಲೋಟ ತೊಳೆಯಲು ಕೊಟ್ಟೆ.
ತಳದಲ್ಲಿ ಒಂದು ಬೆರಳು ಉಳಿದಿತ್ತು.
ಬಚ್ಚಲಲ್ಲಿ ನೀರಿನ ಸದ್ದು ಬರಲು
ಬಹಳ ಹೊತ್ತಾಯಿತು.